ಅಮಾವಾಸ್ಯೆಯ ಸೊನ್ನೆ

ತಿರುಗುತ್ತಿವೆ, ಕೋಲಿನ ತುದಿಯಲ್ಲಿ ಮೂರು ಬಿಳಿ ಬಟ್ಟಲು ಒಂದನ್ನೊಂದು ಅಟ್ಟಿಸಿಕೊಂಡು ತಿರುಗುತ್ತಿವೆ, ಯಾವುದೂ ಯಾವುದನ್ನೂ ಹಿಡಿಯುವುದಿಲ್ಲ, ಗಾಳಿ ಎಷ್ಟಿದೆಯೆಂದು ತಿಳಿಯುವುದಕ್ಕೆ ಇದು ಬೇಕಂತೆ, ಗಾಳಿ ಎಷ್ಟಿದೆಯೆಂದು ನನ್ನ ಧೋತರದ ಚುಂಗು ಹೇಳುತ್ತದೆ, ಬದುವಿನ ಮೇಲಿನ ಹುಲ್ಲು ಹೇಳುತ್ತದೆ, ಕೇಳುವ ವ್ಯವಧಾನ ಯಾರಿಗಿದೆ — ಬಟ್ಟಲುಗಳ ಕೆಳಗೆ ಬಿಳಿ ತಾಟುಗಳನ್ನು ಬೋರಲು ಮಾಡಿ ಪೇರಿಸಿದಂಥ ಒಂದು ವಸ್ತು, ಅದರೊಳಗೆ ಕುಳಿತು ಯಾವುದೋ ತಂತಿ ಸೆಕೆಯನ್ನು ಅಳೆಯುತ್ತದಂತೆ, ಕುಂದಗೋಳದ ಸಂತೆಯಲ್ಲಿ ಇದನ್ನಿಟ್ಟುಕೊಂಡು ಕುಳಿತರೆ ಜನ ಇಡ್ಲಿ ಪಾತ್ರೆಯೆಂದು ಬೆಲೆ ಕೇಳಿಯಾರು. ಇಂಥ ಕಂಬ ಹವಾಮಾನ ಕಚೇರಿಯವರು ದೇಶದಲ್ಲೆಲ್ಲ ಮುನ್ನೂರು ನಿಲ್ಲಿಸಿದ್ದಾರಂತೆ, ನಲವತ್ತು ವರ್ಷ, ಐವತ್ತು ವರ್ಷ ಒಂದೇ ಜಾಗದಲ್ಲಿ ನೋಡುತ್ತ ಕುಳಿತರೆ ಜಗತ್ತು ಹೇಗೆ ಬದಲಾಗುತ್ತಿದೆ, ಆ ಬದಲಾವಣೆ ನಮ್ಮ ಸೀಮೆಗೆ ಹೇಗೆ ತಟ್ಟುತ್ತಿದೆ ಎಂದು ಗೊತ್ತಾಗುತ್ತದಂತೆ, ಈ ಜೀಪಿನಿಂದ ಇಳಿದವರಲ್ಲಿ ಒಬ್ಬರಿಗೂ ನಲವತ್ತು ತುಂಬಿಲ್ಲ. ಜಗತ್ತು ಬದಲಾಯಿತು ಎಂದು ಹೇಳುವುದಕ್ಕೆ ಕಂಬ ಬೇಕೆ, ಮಣ್ಣೆತ್ತಿನ ಅಮಾವಾಸ್ಯೆಯ ದಿನ ನನ್ನ ಹೊಲಕ್ಕೆ ಕಬ್ಬಿಣ ಇಳಿಸುತ್ತಿದ್ದಾರೆ, ಇದಕ್ಕಿಂತ ಇನ್ನೇನು ಬದಲಾಗಬೇಕು, ಎತ್ತಿನ ಕೊರಳಿಗೆ ನೊಗ ಇಡದ ದಿನ, ಮಣ್ಣಿಗೆ ಕುರ್ಪಿಯ ಮೊನೆ ಕೂಡ ತಾಗಿಸದ ದಿನ, ಹುಬ್ಬಳ್ಳಿಯ ಮಿಸ್ತ್ರಿ ಅಲ್ಲಾವುದ್ದೀನ ಮಷೀನು ಹಿಡಿದು ಕಂಬ ಬಿಗಿಯುವ ತಂತಿಗಳಿಗೆ ಗರಗರ ಕುಣಿ ಕೊರೆಯುತ್ತಿದ್ದಾನೆ, ನನ್ನ ಮಗ ಸುಭಾಸ ಅವನ ಬಾಜು ಕೊಡ ಹಿಡಿದು ನಿಂತು ಕುಣಿಗೆ ನೀರು ಹನಿಸುತ್ತಿದ್ದಾನೆ. ಅಮಾಸಿ ಐತಿ ಅಂತ ಹೇಳಬಾರದೇನೋ ಎಂದರೆ, ಅಪ್ಪಾ, ಅವರು ತಾರೀಖ ಹೇಳಿದ್ರು, ನಾ ಹೂಂ ಅಂದೆ, ಅಮಾಸಿ ಅವರ ಮೊಬೈಲ್‌ನ್ಯಾಗ ಇರೂದಿಲ್ಲ ಅನ್ನುತ್ತಾನೆ. ನಿನ್ನ ತಲಿಯೊಳಗೂ ಇರೂದಿಲ್ಲೇನು ಎಂದು ಕೇಳಬೇಕೆಂದಿದ್ದೆ, ಕೇಳಲಿಲ್ಲ, ಐವತ್ತೆರಡು ದಿನದಿಂದ ಆ ಹುಡುಗನಿಗೆ ಗಟ್ಟಿಯಾಗಿ ಮಾತಾಡಲು ನನಗೆ ಬಾಯಿ ಬರುತ್ತಿಲ್ಲ, ಅವನ ಮೂಗು ಅವಳದೇ.

ಅವಳು ಆ ಮೂಲೆಯಲ್ಲಿದ್ದಾಳೆ, ತೆಂಕಣ ಬದುವಿನ ಕಡೆ, ಮಣ್ಣಿನ ದಿಬ್ಬ ರಾತ್ರಿಯ ಆರಿದ್ರಾ ಮಳೆಗೆ ಇನ್ನೊಂದು ಗೇಣು ಕುಸಿದಿದೆ, ಶಾರದವ್ವ, ನನ್ನ ಮನೆಯವಳು, ಐವತ್ತೆರಡು ದಿನದ ಹಿಂದೆ ಬೆಳಗಿನ ಜಾವ ಲಿಂಗದಲ್ಲಿ ಐಕ್ಯಳಾದಳು, ಮಧ್ಯಾಹ್ನಕ್ಕೆ ಕೂಡಿಸಿ ಮಣ್ಣು ಮಾಡಿದೆವು, ಮೇಲೆ ಕಟ್ಟೆ ಕಟ್ಟುವುದಕ್ಕೆ ಸುಭಾಸ ಕಲ್ಲು ತರಿಸಿದ್ದಾನೆ. ಕಟ್ಟಿ ಎಷ್ಟ ಎತ್ತರ ಮಾಡ್ತೀರಿ ಎಂದು ಬಂದವಳೇ ಕೇಳಿದಳು ಈ ಹುಡುಗಿ, ರೋಹಿಣಿಯಂತೆ, ಮಳೆಯ ಹೆಸರು ಇಟ್ಟುಕೊಂಡು ಮಳೆಯನ್ನು ಕಂಪ್ಯೂಟರಿನಲ್ಲಿ ಹುಡುಕುವವಳು, ಯಾಕವ್ವಾ ಎಂದರೆ, ಅಜ್ಜಾರ, ಮಳಿ ಅಳಿಯೂ ಡಬ್ಬಿ ಬಾಜು ಎತ್ತರದ್ದೇನೂ ಇರಬಾರದಲ್ರಿ ಅಂದಳು. ನನಗೆ ಕಲಿಸುತ್ತಾಳೆ! ಆ ಡಬ್ಬಿಯ ಸುತ್ತ ತಂತಿ ಬೇಲಿ ಹಾಕಿದವನು ನಾನು, ನಮ್ಮಪ್ಪ ನೆಟ್ಟ ಬನ್ನಿಯ ಗಿಡವನ್ನು ಅದರ ಸಲುವಾಗಿ ಕಡಿಸಿದವನು ನಾನು, ಇವಳ ತಾಯಿಗೆ ಇನ್ನೂ ಮದುವೆಯಾಗದ ಕಾಲಕ್ಕೆ ತಾಲೂಕು ಕಚೇರಿಯವರು ತಂದು ಹುಗಿದುಹೋದ ಡಬ್ಬಿ, ಮೇಲೆ ಹಿತ್ತಾಳೆಯ ಬಳೆ, ಬಳೆಯೊಳಗೆ ಆಲಿಕೆ, ಆಲಿಕೆಯ ಕೆಳಗೆ ಬಾಟಲಿ. ಬೆಳಿಗ್ಗೆ ಎಂಟೂವರೆಗೆ ಬಾಟಲಿ ತೆಗೆದು ನೀರನ್ನು ಗೆರೆಯ ಗಾಜಿಗೆ ಸುರಿದು, ಮೊಣಕಾಲೂರಿ, ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ನೀರು ನಡುವೆ ತಗ್ಗಿದ ಕಡೆ ಯಾವ ಗೆರೆಯಿದೆಯೋ ಅದನ್ನು ವಹಿಯಲ್ಲಿ ಬರೆಯಬೇಕು, ಆಮೇಲೆ ಚೆಲ್ಲಬೇಕು, ಇಷ್ಟೇ. ನಲವತ್ತೊಂದು ವರ್ಷ ಬರೆದೆ. ಜ್ವರ ಬಂದಾಗ ಬರೆದೆ, ಮಗನ ಮದುವೆಯ ಅಕ್ಷತೆಯ ದಿನ ಬರೆದೆ, ಅವಳು ಹೋದ ದಿನವೂ ಎಂಟೂವರೆಗೆ ಮೈಮೇಲೆ ಟವೆಲು ಹಾಕಿಕೊಂಡು ಎದ್ದು ಬಂದೆ, ಬಾಟಲಿ ಒಣಗಿತ್ತು, ಸೊನ್ನೆ ಬರೆದೆ, ಹೆಣದ ಮುಂದೆ ಕುಳಿತವರು ಏನೇನೋ ಅಂದರಂತೆ, ಅನ್ನಲಿ, ಒಂದು ದಿನ ಒಂದು ಕೆಲಸವನ್ನು ಹೊತ್ತಿಗೆ ಸರಿಯಾಗಿ ಮಾಡಿ ಗೊತ್ತಿಲ್ಲದ ಜನ. ನೋಡದ ದಿನ ವಹಿಯಲ್ಲಿ ಗೆರೆ ಎಳೆಯಬೇಕೆಂದು ನಿಯಮ, ನನ್ನ ವಹಿಯಲ್ಲಿ ಗೆರೆಯೇ ಇಲ್ಲ. ಇಡೀ ಜಿಲ್ಲಾದಾಗ ಒಂದೂ ಗೆರಿ ಇಲ್ಲದ ವಹಿ ಅಂದ್ರ ಈರಪ್ಪಗೌಡ್ರದ್ದೊಂದ ಎಂದು ಸಾಹೇಬರು ಶಾಲು ಹೊದಿಸಿದರು, ಅವಳು ಕೆಳಗೆ ಹೆಂಗಸರ ಸಾಲಿನಲ್ಲಿ ಕುಳಿತಿದ್ದಳು, ಚಪ್ಪಾಳೆ ತಟ್ಟಲಿಲ್ಲ, ಸೆರಗು ಸರಿಮಾಡಿಕೊಂಡಳು, ನಾಚಿಕೆ ಎಂದುಕೊಂಡೆ.

ಈಗ ಆ ಹುಡುಗಿ ಜೀಪಿನ ಮೂತಿಯ ಮೇಲೆ ಕಂಪ್ಯೂಟರು ತೆರೆದಿದ್ದಾಳೆ, ಬೂಟಿಗೆ ಎರಡೆರಡು ಸೇರು ಎರೆಮಣ್ಣು ಮೆತ್ತಿಕೊಂಡಿದೆ, ನಡೆಯಲು ಬಾರದೆ ಬಾತುಕೋಳಿಯ ಹಾಗೆ ಬರುತ್ತಾಳೆ, ಎರೆ ಹೊಲಕ್ಕೆ ಮಳೆಯ ಮರುದಿನ ಬೂಟು ಹಾಕಿಕೊಂಡು ಬರುವವರು ನೆಲದ ಚರಿತ್ರೆ ಬರೆಯುತ್ತಾರೆ. ಅಜ್ಜಾರ, ನಿಮ್ಮ ವಹಿ ಅಷ್ಟೂ ಇದಕ್ಕ ಏರಿಸೇವ್ರಿ, ಹೊಸಾ ಕಂಬದ ಲೆಕ್ಕಕ್ಕ ಹಿಂದಿನ ನಲವತ್ತೊಂದ ವರ್ಷ ಜೋಡಿಸೂದೈತಿ, ಒಂದ ಮಾತ ಕೇಳ್ಲೇನ್ರಿ? ಕೇಳವ್ವಾ. ನಿಮ್ಮ ಹೊಲದಾಗ ಇಪ್ಪತ್ತೊಂಬತ್ತ ಮೂವತ್ತ ದಿನಕ್ಕೊಮ್ಮಿ ಮಳೀನ ಆಗೂದಿಲ್ಲ. ಮುಖದಲ್ಲಿ ಏನೂ ಬಿಟ್ಟುಕೊಡಲಿಲ್ಲ, ಎಪ್ಪತ್ತಾರು ವರ್ಷದ ಮುಖ, ಅಷ್ಟು ಕಲಿತಿದೆ. ಮೊದಲ ನಮಗೂ ತಿಳೀಲಿಲ್ರಿ ಅನ್ನುತ್ತಾಳೆ, ನಮ್ಮ ದೊಡ್ಡ ಸರ್ ಒಬ್ಬರು ಇದು ಚಂದ್ರನ ಎಳೆತ ಇರಬೇಕು, ಇದರ ಮ್ಯಾಲ ಒಂದ ಲೇಖನ ಬರೀಬಹುದು ಅಂದ್ರು — ಬರೆಯಿರಪ್ಪಾ, ಬರೆಯಿರಿ, ಚಂದ್ರ ಹಗ್ಗ ಕಟ್ಟಿ ಮೋಡ ಎಳೆಯುತ್ತಾನೆಂದು ಬರೆದು ದೇಶ ದೇಶ ಸುತ್ತಿರಿ, ಕಲಿತಷ್ಟೂ ಕತ್ತೆಯಾಗುವ ವಿದ್ಯೆ — ಆಮ್ಯಾಲ ಮನ್ಯಾಗ ನಮ್ಮವ್ವ ಗ್ವಾಡಿ ಮ್ಯಾಲಿನ ಕ್ಯಾಲೆಂಡರ್ ನೋಡಿ, ಏ ಹುಚ್ಚಿ, ಇವು ಎಲ್ಲಾ ಅಮಾಸಿ ಅಲ್ಲೇನ ಅಂದ್ಲು. ಅಮಾಸಿಗೆ ಸೊನ್ನಿ, ಪಾಡ್ಯಾಕ ಡಬಲ್ ಮಳಿ. ಆ ಡಬಲ್‌ನಿಂದ ಒಂದ ದಿನದಾಗ ಭಾರಿ ಮಳಿ ಆದ ದಿನಗಳು ಇಲ್ಲಿ ಹೆಚ್ಚಾದಂಗ ಕಾಣಿಸಾಕ್ಹತ್ಯಾವ್ರಿ. ನೀವು ಅಮಾಸಿ ದಿನ ಬಾಟ್ಲಿ ನೋಡತಿದ್ರೋ ಇಲ್ಲೋ? ಮಿಸ್ತ್ರಿಯ ಮಷೀನು ನಿಂತಿತು, ಸುಭಾಸ ಕೊಡ ಕೆಳಗಿಟ್ಟ, ಕೇಳಲಿ ಎಂದೇ ಕೇಳುತ್ತಿದ್ದಾಳೆ ಇವರ ಮುಂದೆ. ನೋಡತಿದ್ದೆ ಎಂದೆ. ಸೊನ್ನಿ ಅಂದ್ರ ಸೊನ್ನಿ, ಆ ದಿನ ಮಳಿ ಆಗಿಲ್ಲ, ದೇವರ ದಿನ ಅದು ಎಂದೆ, ಎದೆಯ ಮೇಲೆ ಕರಡಿಗೆಯಲ್ಲಿ ಲಿಂಗ ಕುಳಿತಿದೆ, ಅದರ ಮೇಲೆಯೇ ನನ್ನ ಮಾತು ಹಾದುಹೋಯಿತು. ಅವಳು ತಲೆ ಆಡಿಸಿದಳು, ನಂಬಲಿಲ್ಲ, ನಂಬಿದವರು ಹಾಗೆ ತಲೆ ಆಡಿಸುವುದಿಲ್ಲ. ನೋಡ್ರಿ ಅಜ್ಜಾರ, ಸೊನ್ನಿ ಖರೆ ಇದ್ರ ಇಟ್ಟಕೋತೀವಿ. ನೋಡಲಾರದ ಬರದಿದ್ರ ಅವಷ್ಟ ದಿನ ಗೆರಿ ಎಳದು, ಮರುದಿನದ್ದು ಎರಡೂ ದಿನದ್ದು ಅಂತ ತಿಳಕೋತೀವಿ, ಉಳದದ್ದೆಲ್ಲಾ ಉಳೀತೈತಿ. ಆದ್ರ ಅದನ್ನ ನೀವ ಹೇಳಬೇಕ್ರಿ, ನಮ್ಮಷ್ಟಕ್ಕ ನಾವು ತಿದ್ದೂಹಂಗಿಲ್ಲ. ನೀವು ಹೇಳಲಿಲ್ಲಂದ್ರ ಇಡೀ ವಹೀನ ಹೊರಗಿಡಬೇಕಾಗತೈತಿ, ಒಂದ ಜಾಗಾ ಅನುಮಾನ ಬಂದಮ್ಯಾಲ ಉಳದದ್ದನ್ನ ಹ್ಯಾಂಗ ನಂಬೂದು?

ಹೊರಗಿಡುತ್ತಾಳಂತೆ. ಹೊರಗಿಟ್ಟರೆ ಇಡಲಿ, ಇವರ ಒಳಗು ಯಾರಿಗೆ ಬೇಕಾಗಿದೆ, ಮೂರು ವರ್ಷಕ್ಕೆ ಬ್ಯಾಟರಿ ಹೋಗಿ ಈ ಕಂಬಕ್ಕೆ ಹೀರೆಬಳ್ಳಿ ಹಬ್ಬುತ್ತದೆ, ಆಗ ಬಂದು ನನ್ನ ವಹಿ ಕೇಳಿಯಾರು — ನಲವತ್ತೊಂದು ವರ್ಷ, ಮನೆಯ ತಿಜೋರಿಯಲ್ಲಿ ಬಂಗಾರದ ಜಾಗದಲ್ಲಿ ವಹಿಗಳಿವೆ, ಪ್ರತಿಯೊಂದರ ಮೊದಲ ಹಾಳೆಗೂ ವಿಭೂತಿ ಬಳಿದಿದ್ದೇನೆ. ಅಮಾವಾಸ್ಯೆಗೆ ನಾನು ಮನೆಯಲ್ಲಿ ಇದ್ದದ್ದಾದರೂ ಯಾವಾಗ, ನಸುಕಿನಲ್ಲಿ ಮಿಂದು ನಾಲ್ಕು ಹರದಾರಿ ನಡೆದು ಮಠದ ಅಜ್ಜನ ಗದ್ದುಗೆಗೆ ಹೋಗುವುದು, ಅಲ್ಲಿಯ ಪ್ರಸಾದ ಉಂಡು ಬೈಗಿಗೆ ಬರುವುದು, ಬಂದು ವಹಿ ತೆರೆದು ದೀಪದ ಮುಂದೆ ಸೊನ್ನೆ ಬರೆಯುವುದು, ಸ್ವಾಮಿಯ ಸನ್ನಿಧಿಯಿಂದ ಬಂದ ಕೈಯಿಂದ ಬರೆದದ್ದು ಸುಳ್ಳು ಹೇಗಾಗುತ್ತದೆ, ಹಾಗೆ ನನಗೆ ಒಂದು ಸಲವೂ ಅನ್ನಿಸಲಿಲ್ಲ. ಇವತ್ತ ಜಗ್ಗಿ ಮಳಿ ಆತಲ್ರಿ ಎಂದು ಅವಳು ಒಂದು ಅಮಾವಾಸ್ಯೆ ಬಾಗಿಲಲ್ಲಿ ನಿಂತು ಅಂದಿದ್ದಳು, ಹೊಸತರಲ್ಲಿ, ಸುಭಾಸ ಇನ್ನೂ ತೊಟ್ಟಿಲಲ್ಲಿ, ಅಮಾಸಿ ದಿನ ಅದರ ಸುದ್ದಿ ತಗೀಬ್ಯಾಡ ಎಂದೆ, ಹೂನ್ರಿ ಎಂದಳು, ಆಮೇಲೆ ತೆಗೆಯಲಿಲ್ಲ. ಆಗಲೂ ಸೀರೆಯ ಬಲ ಮೊಣಕಾಲಿನ ಮೇಲೆ ಕರಿಮಣ್ಣು ಇತ್ತು, ದುಂಡಗೆ, ವಿಭೂತಿ ಗಟ್ಟಿಯಷ್ಟು ಅಗಲ. ಅದು ಈಗೇಕೆ ನೆನಪಾಗಬೇಕು — ಎಲ್ಲಿ ಕುಂತಿದ್ದಿ ಮಣ್ಣಾಗ ಎಂದು ಕೇಳಿದ್ದೆ, ಅದೂ ಮಣ್ಣೆತ್ತಿನ ಅಮಾವಾಸ್ಯೆ, ಎತ್ತು ಮಾಡಾಕ ಮಣ್ಣ ತರಾಕ ಹೋಗಿದ್ನಿರಿ ಎಂದಳು, ಸರಿ ಎಂದುಕೊಂಡೆ. ಹುಡುಗಿ ಇನ್ನೂ ಬಿಟ್ಟಿಲ್ಲ, ಇನ್ನೊಂದೈತ್ರಿ ಅಜ್ಜಾರ ಅನ್ನುತ್ತಾಳೆ, ವರ್ಷಕ್ಕ ಒಂದ ಅಮಾಸಿ ಮಾತ್ರ ಬಾಜೂಕಿನ ಊರಾಗ ಮಳಿ ಆದಾಗ ನಿಮ್ಮಲ್ಲೂ ಮಳಿ ಆಗತೈತಿ, ಶ್ರಾವಣದ್ದು, ನಲವತ್ತೊಂದ ವರ್ಷನೂ. ಅದರ ಮರುದಿನದ್ದೂ ಚೊಕ್ಕ, ಡಬಲ್ ಇಲ್ಲ, ಏನಿಲ್ಲ. ದೇವರು ಆಗ ಸೂಟಿ ಕೊಡ್ತಾನೇನ್ರಿ? ನಗುತ್ತಾಳೆ. ನಗಲಿ. ಶ್ರಾವಣದ ಕಡೆಯ ಐದು ದಿನ ನಾನು ಮಠದಲ್ಲಿರುತ್ತೇನೆ, ಪುರಾಣದ ಮಂಗಲ ಮುಗಿಸಿಕೊಂಡೇ ಬರುವುದು, ಆ ಐದು ದಿನ ಬಾಟಲಿ ನೋಡುವವಳು ಅವಳು, ನಾಲ್ಕನೆಯ ಇಯತ್ತೆ ಓದಿದವಳು, ನಾನೇ ಕಲಿಸಿದ್ದೆ, ಮೊಣಕಾಲೂರಬೇಕು, ನಿಂತು ನೋಡಿದರೆ ಗೆರೆ ಸುಳ್ಳು ಹೇಳುತ್ತದೆ, ನೋಡಲಾರದ ಬರದದ್ದು ಪಾಪ ನೋಡು ಎಂದು ದೊಡ್ಡದಾಗಿ ಉಪದೇಶ ಮಾಡಿದ್ದೆ. ಚೀಟಿಯಲ್ಲಿ ಐದು ಅಂಕಿ ಬರೆದಿಡುತ್ತಿದ್ದಳು, ನಾನು ಬಂದು ಕುರುಡನ ಹಾಗೆ ಇಳಿಸಿಕೊಳ್ಳುತ್ತಿದ್ದೆ, ಅದರಲ್ಲೊಂದು ಅಮಾವಾಸ್ಯೆಯದೆಂದು ಎಣಿಸಿ ನೋಡಿದವನಲ್ಲ.

ಗಂಟೆಯ ಸದ್ದು, ಕುರಿ, ಮಲಕಪ್ಪ ಬಂದ, ಹೆಗಲ ಮೇಲೆ ಕಂಬಳಿ, ಬಾಯಲ್ಲಿ ಎಲೆಯಡಿಕೆ, ಈ ಮನುಷ್ಯ ಬೇಡವಾದ ಹೊತ್ತಿಗೆ ಹಾಜರಾಗುವುದನ್ನು ಅರವತ್ತು ವರ್ಷದಿಂದ ತಪ್ಪಿಸಿಲ್ಲ, ಅವನದೂ ಒಂದು ವಹಿ ಇಡಬಹುದಿತ್ತು. ಏನ್ರಿ ಗೌಡ್ರ, ಅಮಾಸಿ ದಿನ ಹೊಲದಾಗ? ಗದ್ದಗಿ ಅಜ್ಜ ನಿಮ್ಮ ಹಾದಿ ನೋಡ್ಕೋತ ಕುಂತಿರಬೇಕಲ್ರಿ. ಮೊಣಕಾಲು ಬ್ಯಾಡ ಅಂದಾವು ಎಂದೆ. ಈ ಹೊಸಾ ಗೂಟ ಯಾತಕ್ರಿ, ಕುರಿ ಕಟ್ಟಾಕ ಬರತೈತೇನು? ಅಲ್ಲಾವುದ್ದೀನ ಹಣೆ ಒರೆಸಿಕೊಂಡು, ಕಟ್ಟು ಕಾಕಾ, ನಿನ್ನ ಕುರಿ ಸೀನಿದ್ರೂ ದಿಲ್ಲಿಗೆ ಸುದ್ದಿ ಮುಟ್ಟತೈತಿ ಎಂದ, ಎಲ್ಲರೂ ನಕ್ಕರು, ನನ್ನ ಮಗನೂ. ಮಲಕಪ್ಪ ಡಬ್ಬಿಯ ಬೇಲಿಗೆ ಕೋಲು ಊರಿ ನಿಂತು, ದೊಡ್ಡವ್ವಾರು ಇದ್ದಿದ್ರ ಇಷ್ಟೊತ್ತಿಗೆ ಬಾಟ್ಲಿ ಪೂಜಿಗೆ ಬರತಿದ್ರು ನೋಡ್ರಿ ಅಂದ. ಯಾತರ ಪೂಜಿ, ಎಂದು ಕೇಳಿದವಳು ಆ ಹುಡುಗಿ, ನಾನಲ್ಲ. ಹೌದ್ರಿ ಬಾಯಾರ, ಅಮಾಸಿಗೊಮ್ಮಿ. ಗೌಡ್ರು ಗದ್ದಗಿ ಹಾದಿ ಹಿಡದ್ರಂದ್ರ ಅವ್ವಾರು ತಲಿ ತುಂಬ ಸೆರಗ ಹೊತ್ತು ಬರತಿದ್ರು. ಮೊಣಕಾಲೂರಿ ಗಿಲಾಸ ಕಣ್ಣಿಗೆ ನೇರ ಹಿಡಕೊಂಡು ಒಂದಷ್ಟೊತ್ತು ಹಂಗ ಕುಂಡರತಿದ್ರು, ಆಮ್ಯಾಲ ಹನಿ ಚೆಲ್ಲಧಂಗ ತಿರುಗಿ ಬಾಟ್ಲಿಗೇ ಸುರೂತಿದ್ರು. ನಾ ಒಮ್ಮಿ, ಯವ್ವಾ, ನನಗೂ ಒಂದೀಟು ತೀರ್ಥ ಕೊಡಬೇ ಅಂದ್ನಿ. ತೀರ್ಥ ಅಲ್ಲೋ ಮಲಕಪ್ಪಾ, ಇದು ಗೌಡ್ರ ನಾಳಿನ ಮಳಿ, ಚೆಲ್ಲಬಾರದು ಅಂದ್ರು. ನನಗ ಅದರ ಮಂತ್ರ ತಿಳೀಲಿಲ್ಲ ಬಿಡ್ರಿ, ನಿಮ್ಮ ಮಂದಿ ದೇವ್ರು ನಿಮಗ. ಕೋಲು ಎತ್ತಿಕೊಂಡು ಹೊರಟ, ಕುರಿಗಳು ಅವನ ಹಿಂದೆ, ಗಂಟೆಯ ಸದ್ದು ದೂರವಾಗುತ್ತದೆ, ಯಾರೂ ನಗಲಿಲ್ಲ, ಬಟ್ಟಲುಗಳು ತಿರುಗುತ್ತಿವೆ.

ನನ್ನ ನಾಳಿನ ಮಳೆ. ಅಳೆದು, ತಿರುಗಿ ಹಾಕಿ, ಬಾಯಿ ಮುಚ್ಚಿಕೊಂಡು ಮನೆಗೆ ಬಂದು ರೊಟ್ಟಿ ಬಡಿದಳು, ನಾನು ಪ್ರಸಾದ ಉಂಡು ಬಂದು ಸೊನ್ನೆ ಬರೆದೆ, ಅವಳು ದೀಪದ ಬತ್ತಿ ಮುಂದೆ ತಳ್ಳಿ ಬೆಳಕು ಕೊಟ್ಟಳು. ಹನ್ನೆರಡು ಅಮಾವಾಸ್ಯೆಗೂ ಮಣ್ಣೆತ್ತು ಮಾಡುವವರುಂಟೆ? ಸೀರೆಯ ಮೇಲೆ ಆ ಮಣ್ಣನ್ನು ಎಷ್ಟು ಬೈಗು ಕಂಡಿಲ್ಲ ನಾನು, ದುಂಡಗೆ, ಒದ್ದೆಯಾಗಿ, ಕೆಲವು ಸಲ ಒಣಗಿ ಬೂದಿ ಬಣ್ಣಕ್ಕೆ ತಿರುಗಿ, ಹೆಂಗಸರು, ಸೆಗಣಿ ಬಳಿಯುವವರು, ಮೊಣಕಾಲಿಗೆ ಮಣ್ಣಾಗದೆ ಇರುತ್ತದೆಯೆ ಎಂದು ದಾಟಿ ಒಳಗೆ ಹೋದೆ, ಮಳೆಯ ಹನಿಯ ಹತ್ತರಲ್ಲೊಂದು ಪಾಲನ್ನು ಕಾಣುತ್ತಿದ್ದ ಕಣ್ಣು ಇದು, ಶಾಲು ಹೊದಿಸಿಕೊಂಡ ಕಣ್ಣು. ನನ್ನನ್ನು ಯಾತಕ್ಕೆ ಎದುರಿಗೆ ನಿಲ್ಲಿಸಿ ಕೇಳಲಿಲ್ಲ ಅವಳು, ಕೇಳಿದ್ದಳಲ್ಲ, ಒಂದು ಸಲ, ಜಗ್ಗಿ ಮಳಿ ಆತಲ್ರಿ ಎಂದು. ಅಂಕಿಗಳನ್ನು ಎಲ್ಲಿಯೂ ಬರೆದಿಟ್ಟವಳಲ್ಲ, ಬರೆದರೆ ಗಂಡನ ವಹಿ ಸುಳ್ಳಾಗುತ್ತದೆ, ನೋಡದಿದ್ದರೆ ಗಂಡನ ಮಾತು ಸುಳ್ಳಾಗುತ್ತದೆ, ನೋಡಿದಳು, ಬರೆಯಲಿಲ್ಲ. ನಾನೂರ ಅರವತ್ತಕ್ಕೂ ಹೆಚ್ಚು ಅಮಾವಾಸ್ಯೆ ಅವಳ ತಲೆಯಲ್ಲಿದ್ದವು, ಅವನ್ನೂ ಆ ಮೂಲೆಯಲ್ಲಿ ಕೂಡಿಸಿ ಮೂರು ಹಿಡಿ ಮಣ್ಣು ಹಾಕಿದ ಮೊದಲಿಗ ನಾನು. ಮೀಯಿಸುವಾಗ ನೀರು ಹಾಕಿದವನೂ ನಾನೇ, ಬಲ ಮೊಣಕಾಲಿನ ಮೇಲೆ ಕಪ್ಪಗೆ ಜಡ್ಡುಗಟ್ಟಿತ್ತು, ದುಂಡಗೆ, ಒರೆಸಿದೆ, ಹೋಗಲಿಲ್ಲ, ಮಣ್ಣು ಎಂದುಕೊಂಡೆ, ಮತ್ತೆ ಒರೆಸಿದೆ. ಅಜ್ಜಾರ, ಕುಂಡರ್ರಿ, ನೀರ ಬೇಕೇನ್ರಿ — ಬೇಡ. ಬರಕೋ ಯವ್ವಾ ಎಂದೆ. ಅಮಾಸಿ ದಿನ ನಾ ನೋಡಿಲ್ಲ. ಸೊನ್ನಿ ಎಲ್ಲಾ ಸುಳ್ಳ, ಗೆರಿ ಎಳಿ. ಅಪ್ಪಾ, ಎಂದ ಸುಭಾಸ, ಜಿಲ್ಲಾದಾಗ ನಿನ್ನದೊಂದ... ಸುಮ್ನಿರಲೇ ಎಂದೆ. ಎಲ್ಲದಕ್ಕೂ ಎಳಿ, ಶ್ರಾವಣದ್ದು ಮಾತ್ರ ಮುಟ್ಟಬ್ಯಾಡ, ಅವು ಖರೆ ಅದಾವು, ಅವು ನನ್ನವಲ್ಲ. ಹುಡುಗಿ ಈ ಸಲ ತಲೆ ಆಡಿಸಲಿಲ್ಲ. ನೋಡಿದವರ ಹೆಸರ ಬರಿಯೂ ಜಾಗಾ ಐತ್ರಿ ಇದರಾಗ, ಆ ನಲವತ್ತೊಂದ ಅಮಾಸಿಗೆ ಯಾರ ಹೆಸರ ಹಾಕ್ಲಿ? ಶಾರದವ್ವ ಅಂತ ಹಾಕು. ಬೆರಳಿನಿಂದ ಟಕಟಕ ಒತ್ತಿದಳು, ಅಷ್ಟೇ ಹೊತ್ತು, ನಲವತ್ತೊಂದು ವರ್ಷದಲ್ಲಿ ನನ್ನ ಕೈಯಿಂದ ಆಗದ ಕೆಲಸ.

ಎಂಟೂವರೆ ಆತ್ರಿ ಅಜ್ಜಾರ, ಒಂದ ವರ್ಷ ಎರಡೂ ಕೂಡಿ ನಡೀಬೇಕು, ನಿಮ್ಮ ಬಾಟ್ಲಿ, ನಮ್ಮ ಕಂಬ, ಇವತ್ತ ಅಮಾಸಿ, ಬ್ಯಾಡ ಅಂದ್ರ ನಾನ ನೋಡ್ತೀನ್ರಿ ಅನ್ನುತ್ತಾಳೆ. ನೀನು ನೋಡುತ್ತೀಯಾ, ಬೂಟು ಹಾಕಿಕೊಂಡು, ನಿಂತುಕೊಂಡು. ಅತ್ತ ಸರಿ. ಮಿಸ್ತ್ರಿ ತನ್ನ ಸಾಮಾನು ಬದಿಗೆ ಸರಿಸಿ ದಾರಿ ಮಾಡಿದ, ಆ ಮೂಲೆಯ ಕಡೆ ಹೋಗುವಾಗ ಅವನು ಚಪ್ಪಲಿ ಕಳೆದಿಟ್ಟು ಹೋಗಿದ್ದನ್ನು ಆಗಲೇ ಕಂಡಿದ್ದೆ, ಕಂಡೂ ಬೈದುಕೊಳ್ಳುತ್ತಲೇ ಇದ್ದೆ, ಬೈಯುವುದು ನನಗೆ ಎಷ್ಟು ಹಗುರ. ಬೇಲಿಯ ಬಾಗಿಲು, ಹಿತ್ತಾಳೆಯ ಬಳೆ ತಣ್ಣಗಿದೆ, ಆಲಿಕೆ ಎತ್ತಿದೆ, ಬಾಟಲಿ ಭಾರವಾಗಿದೆ, ಗಾಜಿಗೆ ಸುರಿದೆ, ಒಂದು ಹನಿಯೂ ಹೊರಗೆ ಬೀಳಲಿಲ್ಲ, ಇನ್ನು ಮೊಣಕಾಲು, ಎಡದ್ದು ಊರುವ ರೂಢಿ ನನ್ನದು, ಬಲದ್ದು ಊರಿದೆ, ನೋವು ಸೊಂಟದ ತನಕ ಏರಿತು, ಇರಲಿ, ಗಾಜು ಕಣ್ಣಿನ ಮಟ್ಟಕ್ಕೆ, ನೀರು ನಡುವೆ ತಗ್ಗಿದ ಕಡೆ, ಹದಿನೆಂಟು, ಹದಿನೆಂಟು ಮತ್ತು ನಾಲ್ಕು ಗೆರೆ, ಅಮಾವಾಸ್ಯೆಗೆ ಹದಿನೆಂಟು ನಾಲ್ಕು, ಗಾಜಿನ ಆಚೆ ದಿಬ್ಬ ನೀರಿನಲ್ಲಿ ಬಾಗಿ ಕಾಣುತ್ತದೆ, ಚೆಲ್ಲಬೇಕು, ಚೆಲ್ಲುವುದಕ್ಕೆ ಕೈ ಏಳುತ್ತಿಲ್ಲ, ಹದಿನೆಂಟು ನಾಲ್ಕು ಎಂದು ಯಾರಿಗೆ ಹೇಳಲಿ, ಬರ್ಕೊಂಡ್ನಿರಿ ಎಂದಿತು ಹುಡುಗಿಯ ದನಿ, ಎದ್ದೆ, ಬೇಲಿಯ ಗೂಟ ಹಿಡಿದು ಎದ್ದೆ, ಧೋತರಕ್ಕೆ ತಣ್ಣಗೆ ಏನೋ ಅಂಟಿಕೊಂಡಿದೆ, ಕೆಳಗೆ ನೋಡಬಾರದು, ನೋಡುವುದಿಲ್ಲ, ಅವಳು ಬಾಗಿಲಲ್ಲಿ ನಿಂತಿದ್ದಾಳೆ, ಜಗ್ಗಿ ಮಳಿ ಆತಲ್ರಿ, ತೊಳೆದ ಸೀರೆ, ಬಲ ಮೊಣಕಾಲಿನ ಮೇಲೆ ಕರಿಮಣ್ಣು — ದುಂಡಗೆ, ವಿಭೂತಿ ಗಟ್ಟಿಯಷ್ಟು ಅಗಲ — ಕರಿಮಣ್ಣು, ಇನ್ನೂ ಒದ್ದೆ